ಕೊಲ್ಹಾಪುರದ ಕೊನೆಯ ಸಂಜೆ: ಒಂದು ಪ್ರವಾಸ ತಂಡದ ಪ್ರಕರಣ

ಗುಂಪು ಪ್ರವಾಸಗಳು ಕೆಡುವುದು ಹೆಚ್ಚಾಗಿ ಕೊನೆಯ ಸಂಜೆ. ಬಸ್ಸು ತಡವಾದರೂ, ಕೋಣೆಯಲ್ಲಿ ಬಿಸಿನೀರು ಬಾರದಿದ್ದರೂ, ಸಾಂಬಾರು ಸಿಹಿಯಾದರೂ ಮೊದಲ ದಿನಗಳಲ್ಲಿ ಜನ ಹೊಂದಿಕೊಂಡು ಹೋಗುತ್ತಾರೆ. "ನಾಳೆ ಉಂಟಲ್ಲ" ಎಂಬ ಸಮಾಧಾನ ಒಳಗೆ ಇರುತ್ತದೆ. ಕೊನೆಯ ಸಂಜೆಗೆ ಆ ನಾಳೆ ಇರುವುದಿಲ್ಲ. ಅಷ್ಟು ದಿನ ಯಾರ್ಯಾರು ಏನೇನನ್ನು ಮುಂದಕ್ಕೆ ಹಾಕಿದ್ದರೋ ಅದೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತದೆ.

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಹಳ್ಳಿ ವಾಚನಾಲಯದ ತಂಡ ಕೊಲ್ಹಾಪುರದಲ್ಲಿ ಕಳೆದ ಅಂಥ ಒಂದು ಸಂಜೆಯ ವಿವರ ಇಲ್ಲಿದೆ. ತಂಡದಲ್ಲಿ ನಾನೂ ಇದ್ದೆ. ನಿರ್ಧಾರ ಮಾಡುವ ಹೊಣೆ ನನ್ನದಾಗಿರಲಿಲ್ಲ. ಊರಿಗೆ ಬಂದ ಮೇಲೆ ಹೆಚ್ಚಿನವರ ಜೊತೆ ಬೇರೆಬೇರೆಯಾಗಿ ಕೂತು ಮಾತಾಡಿದ್ದೇನೆ, ಬರೆಯುವುದಕ್ಕೆ ಒಪ್ಪಿಗೆ ಪಡೆದಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ, ವಯಸ್ಸು, ಉದ್ಯೋಗ, ನಂಟುಗಳನ್ನು ಗುರುತು ಸಿಗದಷ್ಟು ಬದಲಿಸಿದ್ದೇನೆ. ನಡೆದ ಜಾಗಗಳನ್ನೂ ತೆಗೆದುಕೊಂಡ ತೀರ್ಮಾನಗಳನ್ನೂ ಬದಲಿಸಿಲ್ಲ.

ತಂಡ ಮತ್ತು ಯೋಜನೆ

ಇಪ್ಪತ್ತೆರಡು ಜನ. ಕಾಲೇಜು ಓದುವ ಇಬ್ಬರು ಹುಡುಗಿಯರಿಂದ ಹಿಡಿದು ಎಪ್ಪತ್ತು ದಾಟಿದ ಹಿರಿಯರವರೆಗೆ. ನಮ್ಮ ಕಡೆಯ ಯಾವುದೇ ತಂಡದಂತೆ ಮನೆಮಾತು ಒಬ್ಬೊಬ್ಬರದು ಒಂದೊಂದು: ತುಳು, ಹವ್ಯಕ, ಮಲಯಾಳ, ಕರಾಡಿ. ಎಲ್ಲರೂ ಸೇರಿದಾಗ ಕನ್ನಡ. ವಾಚನಾಲಯ ನಡೆಯುವುದೂ ಕನ್ನಡದಲ್ಲೇ. ಅಡಿಕೆ ಕೊಯ್ಲು ಜೋರಾಗುವ ಮೊದಲು, ನವೆಂಬರಿನಲ್ಲಿ, ಪ್ರತಿವರ್ಷ ಒಂದು ಪ್ರವಾಸ ಹೋಗುವ ಪದ್ಧತಿ ಅವರದು.

ತಂಡದ ಮುಂದಾಳು ಐವತ್ತರ ಆಸುಪಾಸಿನವರು, ಅಚ್ಚುಕಟ್ಟಿನ ಮನುಷ್ಯ. ಖಜಾಂಚಿಯೂ ಹಾಗೆಯೇ, ಚಹಾದ ಬಿಲ್ಲನ್ನೂ ಬರೆದಿಡುವವರು. ರಾತ್ರಿ ರೈಲಿನಲ್ಲಿ ಹೊರಟು ಕೊಂಕಣ ಮಾರ್ಗವಾಗಿ ರತ್ನಾಗಿರಿ, ಅಲ್ಲಿಂದ ಬಾಡಿಗೆ ಬಸ್ಸಿನಲ್ಲಿ ಅಂಬಾ ಘಾಟಿ ಹತ್ತಿ ಕೊಲ್ಹಾಪುರ. ಸುಮಾರು 130 ಕಿಲೋಮೀಟರಿನ ಆ ದಾರಿಯಲ್ಲೇ ಪನ್ಹಾಳಾ ಕೋಟೆಯನ್ನು ಮೊದಲ ದಿನ ಮುಗಿಸಿದರು. 1660ರಲ್ಲಿ ಬಿಜಾಪುರದ ಸೇನಾನಿ ಸಿದ್ದಿ ಜೌಹರನ ಮುತ್ತಿಗೆಯೊಳಗಿನಿಂದ ಶಿವಾಜಿ ಮಳೆಯ ರಾತ್ರಿಯಲ್ಲಿ ತಪ್ಪಿಸಿಕೊಂಡು ವಿಶಾಳಗಡಕ್ಕೆ ಹೋದದ್ದು ಇಲ್ಲಿಂದಲೇ. ತಂಡದಲ್ಲಿದ್ದ ನಿವೃತ್ತ ಮೇಷ್ಟ್ರು ತೀನ್ ದರವಾಜಾದ ಕೆಳಗೆ ನಿಂತು ಅದನ್ನು ಹೇಳಿದಾಗ ಕಾಲೇಜು ಹುಡುಗಿಯರು ಮೊಬೈಲು ಕೆಳಗಿಟ್ಟು ಕೇಳಿದರು.

ಎರಡನೆಯ ದಿನ ಖಿದ್ರಾಪುರ. ಕೃಷ್ಣಾ ದಂಡೆಯ ಕೋಪೇಶ್ವರ ದೇವಸ್ಥಾನದ ಸ್ವರ್ಗ ಮಂಟಪದಲ್ಲಿ ನಲವತ್ತೆಂಟು ಕಂಬಗಳ ನಡುವೆ ಮೇಲೆ ನೋಡಿದರೆ ಚಾವಣಿಯಲ್ಲಿ ದುಂಡಗೆ ಆಕಾಶ ಕಾಣುತ್ತದೆ. ಶಿಲಾಹಾರರ ಕಾಲದ ಗುಡಿ. ಕನ್ನಡ ಶಾಸನಗಳೂ ಇವೆ. ಮಹಾರಾಷ್ಟ್ರದ ಹಳ್ಳಿಯೊಂದರ ಕಲ್ಲಿನ ಮೇಲೆ ತಮ್ಮ ಲಿಪಿಯ ಹಳೆಯ ರೂಪವನ್ನು ಕಂಡು, ಕೇರಳದಲ್ಲಿ ಕನ್ನಡ ಓದಿ ಬೆಳೆದ ಈ ಜನಕ್ಕೆ ಆದ ಸಂತೋಷ ದೊಡ್ಡದು. ಅಕ್ಷರ ಅಕ್ಷರ ಕೂಡಿಸುತ್ತಾ ಅಲ್ಲಿಂದ ಕದಲಲಿಲ್ಲ. ಅವತ್ತಿನ ವೇಳಾಪಟ್ಟಿ ಎರಡು ಗಂಟೆ ಹಿಂದೆ ಬಿತ್ತು, ಯಾರೂ ಗೊಣಗಲಿಲ್ಲ.

ಮೂರನೆಯ ದಿನ ನಗರ. ಬೆಳಿಗ್ಗೆ ಟೌನ್ ಹಾಲ್ ಮ್ಯೂಸಿಯಂ, ಆಮೇಲೆ 1884ರಲ್ಲಿ ಕಟ್ಟಿ ಮುಗಿಸಿದ ನ್ಯೂ ಪ್ಯಾಲೇಸ್. ಮಧ್ಯಾಹ್ನದ ಮೇಲಿನದು ಕೊನೆಯ ಸಂಜೆ. ನಾಲ್ಕನೆಯ ದಿನ ನಸುಕಿಗೇ ಬಸ್ಸು ಹತ್ತಿ ರತ್ನಾಗಿರಿಯಲ್ಲಿ ರೈಲು ಹಿಡಿಯಬೇಕು.

ಆ ಸಂಜೆಯ ಪಾಲಿಗೆ ಉಳಿದದ್ದು

ಅಂಬಾಬಾಯಿ ದೇವಸ್ಥಾನ, ಅಂದರೆ ನಾವು ಕೊಲ್ಲಾಪುರದ ಮಹಾಲಕ್ಷ್ಮಿ ಎನ್ನುವ ಗುಡಿ, ಇವರು ಇಳಿದುಕೊಂಡಿದ್ದ ವಸತಿಗೃಹದಿಂದ ನಡೆದು ಹೋಗುವಷ್ಟು ಹತ್ತಿರ. ಕೊನೆಗೆ ಉಳಿದದ್ದೇ ಆ ಕಾರಣಕ್ಕೆ. ದೂರದ್ದನ್ನು ಮೊದಲು ಮುಗಿಸೋಣ, ಹತ್ತಿರದ್ದು ಎಲ್ಲಿ ಹೋಗುತ್ತದೆ ಎನ್ನುವುದು ಪ್ರವಾಸ ಯೋಜಿಸುವ ಎಲ್ಲರ ಲೆಕ್ಕ. ಜೊತೆಗೆ ಮುಂದಾಳುವಿಗೆ ಇನ್ನೊಂದು ಆಸೆಯಿತ್ತು. ದಿನಾಂಕವನ್ನು ಅವರು ಬೇಕೆಂದೇ ಆರಿಸಿದ್ದರು: ನವೆಂಬರ್ 10.

ಈ ದೇವಿ ಪಶ್ಚಿಮಕ್ಕೆ ಮುಖ ಮಾಡಿ ನಿಂತವಳು. ವರ್ಷಕ್ಕೆ ಎರಡು ಸಲ, ಜನವರಿ 31ರಿಂದ ಫೆಬ್ರವರಿ 2ರವರೆಗೆ ಮತ್ತು ನವೆಂಬರ್ 9ರಿಂದ 11ರವರೆಗೆ, ಮುಳುಗುವ ಸೂರ್ಯನ ಕಿರಣ ಮಹಾದ್ವಾರದ ಕಡೆಯಿಂದ ನೇರ ಒಳಗೆ ಬಂದು ಮೂರ್ತಿಯನ್ನು ಮುಟ್ಟುತ್ತದೆ. ಮೊದಲ ದಿನ ಪಾದ, ಎರಡನೆಯ ದಿನ ಎದೆ, ಮೂರನೆಯ ದಿನ ಮುಖ ಎಂದು ನಂಬಿಕೆ. ಇದಕ್ಕೆ ಕಿರಣೋತ್ಸವ ಎನ್ನುತ್ತಾರೆ. ಮೋಡ ಅಡ್ಡ ಬಂದರೆ ಕಿರಣ ಒಳಗೆ ತಲಪುವುದಿಲ್ಲ. ಇಪ್ಪತ್ತೆರಡು ಜನರೂ ಒಟ್ಟಿಗೆ ನಿಂತು ಆ ಬೆಳಕನ್ನು ನೋಡಿ ಊರಿಗೆ ಮರಳಬೇಕು ಎಂಬುದು ಮುಂದಾಳುವಿನ ಕನಸು. ಕೆಟ್ಟ ಕನಸೇನಲ್ಲ. ಅದಕ್ಕಾಗಿ ಆ ಮನುಷ್ಯ ಆರು ತಿಂಗಳಿನಿಂದ ರೈಲು ಟಿಕೆಟ್ಟಿನ ಹಿಂದೆ ಬಿದ್ದಿದ್ದರು.

ಉಳಿದವರ ಮನಸ್ಸಿನಲ್ಲಿ ಬೇರೆ ಪಟ್ಟಿ ಬೆಳೆಯುತ್ತಿತ್ತು. ಹುಡುಗಿಯರಿಗೆ ಕೊಲ್ಹಾಪುರಿ ಚಪ್ಪಲಿ ಬೇಕು, ಬಸ್ಸಿನ ಕಿಟಕಿಯಿಂದ ಮಾತ್ರ ಕಂಡ ರಂಕಾಳಾ ಕೆರೆಯ ದಂಡೆಯಲ್ಲಿ ಒಂದು ಗಂಟೆ ಕೂರಬೇಕು. ನಾಲ್ಕೈದು ಗಂಡಸರಿಗೆ ತಾಂಬಡಾ ರಸ್ಸಾ, ಪಾಂಢರಾ ರಸ್ಸಾ ಎಂಬ ಕೆಂಪು, ಬಿಳಿ ಮಾಂಸದ ಸಾರಿನ ಊಟ. ತಂಡದಲ್ಲಿ ಅರ್ಧದಷ್ಟು ಸಸ್ಯಾಹಾರಿಗಳಿದ್ದುದರಿಂದ ಎರಡು ದಿನ ಎಲ್ಲರೂ ಒಂದೇ ಪಂಕ್ತಿಯಲ್ಲಿ ಸಸ್ಯಾಹಾರ ಉಂಡಿದ್ದರು. ಕೊಲ್ಹಾಪುರದವರೆಗೆ ಬಂದು ಆ ಕೆಂಪು ಸಾರು ಕುಡಿಯದೆ ಹೋಗುವುದೇ ಎಂಬುದು ಅವರ ನೋವು. ಇಬ್ಬರು ಗೃಹಿಣಿಯರಿಗೆ ಗುಜರಿ ಬೀದಿಯ ಚಿನ್ನದಂಗಡಿಯಲ್ಲಿ ಕೊಲ್ಹಾಪುರಿ ಸಾಜ್ ಎಂಬ ಕೊರಳ ಹಾರ ನೋಡಬೇಕು. ಕೊಳ್ಳದಿದ್ದರೂ ಸರಿ, ಕೈಯಲ್ಲಿ ಹಿಡಿಯಬೇಕು. ಮೇಷ್ಟ್ರಿಗೆ ಕಸಬಾ ಬಾವಡಾದ ಲಕ್ಷ್ಮೀ ವಿಲಾಸ ಅರಮನೆ, ಶಾಹು ಮಹಾರಾಜರು 1874ರಲ್ಲಿ ಹುಟ್ಟಿದ ಜಾಗ. 1902ರಲ್ಲೇ ಹಿಂದುಳಿದವರಿಗೆ ಸರಕಾರಿ ಕೆಲಸದಲ್ಲಿ ಅರ್ಧದಷ್ಟು ಮೀಸಲಿಟ್ಟ ರಾಜನ ಬಗ್ಗೆ ಅವರು ಇಡೀ ವೃತ್ತಿಜೀವನ ತರಗತಿಯಲ್ಲಿ ಪಾಠ ಮಾಡಿದವರು. ಖಜಾಂಚಿಗೆ ರಾತ್ರಿ ಎಂಟೂವರೆಗೆ ವಸತಿಗೃಹದ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿ ಲೆಕ್ಕ ಒಪ್ಪಿಸಬೇಕು.

ಇದರಲ್ಲಿ ಒಂದೂ ಅತಿಯಾಸೆಯಲ್ಲ. ಎಲ್ಲವೂ ಒಂದೇ ಸಂಜೆಗೆ ಬಂದು ಬಿದ್ದದ್ದು, ಮತ್ತು ಒಬ್ಬರ ಮನಸ್ಸಿನಲ್ಲಿರುವುದು ಇನ್ನೊಬ್ಬರಿಗೆ ಪೂರ್ತಿ ಗೊತ್ತಿಲ್ಲದಿದ್ದದ್ದು ತೊಂದರೆಯ ಬೇರು.

ಕೈ ಎತ್ತಿಸಿದ್ದು

ನ್ಯೂ ಪ್ಯಾಲೇಸಿನಿಂದ ಹೊರಬಂದಾಗ ಎರಡೂವರೆ. ಮರುದಿನ ನಸುಕಿಗೆ ಘಾಟಿ ಇಳಿಯಬೇಕಾದ್ದರಿಂದ ನಾಲ್ಕರ ಮೇಲೆ ಬಸ್ಸು ತೆಗೆಯುವುದಿಲ್ಲ, ನಿದ್ದೆ ಮಾಡಬೇಕು ಎಂದು ಚಾಲಕರು ಖಡಾಖಂಡಿತ ಹೇಳಿದರು. ಅವರು ಹೇಳಿದ್ದು ಸರಿಯಾಗಿತ್ತು. ಆದರೆ ಅಲ್ಲಿಂದ ಮುಂದೆ ಎಲ್ಲವೂ ಕಾಲ್ನಡಿಗೆ ಅಥವಾ ರಿಕ್ಷಾ ಎಂದಾಯಿತು. ಬಸ್ಸಿನೊಳಗೆ ಮಾತು ಏರಿತು. ಮುಂದಾಳು ಎದ್ದು ನಿಂತು, "ಕಿರಣೋತ್ಸವಕ್ಕೆ ಯಾರೆಲ್ಲ, ಕೈ ಎತ್ತಿ" ಎಂದರು. ಹದಿಮೂರು ಕೈ ಮೇಲೆ ಬಂದವು. "ಹಾಗಾದರೆ ಆಯಿತು, ಎಲ್ಲರೂ ದೇವಸ್ಥಾನಕ್ಕೆ. ದರ್ಶನ ಮುಗಿದ ಮೇಲೆ ಸಮಯ ಉಳಿದರೆ ಉಳಿದದ್ದು."

ಪ್ರಕರಣದ ಮೊದಲ ತಿರುವು ಇದು. ಆಗ ಯಾರಿಗೂ ಹಾಗೆ ಅನ್ನಿಸಲಿಲ್ಲ. ಎಣಿಸಿದ್ದಾಯಿತು, ಹೆಚ್ಚಿನವರ ಮಾತು ನಡೆಯಿತು, ಅನ್ಯಾಯವೇನು ಎಂಬ ಹಾಗೆಯೇ ಕಂಡಿತು. ಆದರೆ ತುಂಬಿದ ಬಸ್ಸಿನಲ್ಲಿ ದೇವಿಯ ದರ್ಶನಕ್ಕೆ ಯಾರು ಎಂದು ಕೇಳಿದರೆ ಕೈ ಕೆಳಗೆ ಇಟ್ಟುಕೊಳ್ಳುವ ಧೈರ್ಯ ಎಷ್ಟು ಜನರಿಗೆ ಇರುತ್ತದೆ? ಸೊಸೆಯ ಪಕ್ಕದಲ್ಲಿ ಅತ್ತೆ ಕೂತಿರುತ್ತಾರೆ, ವಿದ್ಯಾರ್ಥಿಯ ಹಿಂದಿನ ಸೀಟಿನಲ್ಲಿ ಮೇಷ್ಟ್ರು. ಚಪ್ಪಲಿ ಅಂಗಡಿಯನ್ನೋ ಮಾಂಸದೂಟವನ್ನೋ ದೇವರ ಎದುರು ಪ್ರತಿಸ್ಪರ್ಧಿಯಾಗಿ ನಿಲ್ಲಿಸಲು ಯಾರೂ ಮುಂದೆ ಬರುವುದಿಲ್ಲ. ಆ ಹದಿಮೂರರಲ್ಲಿ ಎಷ್ಟು ಬಯಕೆ, ಎಷ್ಟು ಸಂಕೋಚ ಎಂಬುದು ತಿಳಿಯಲು ಇನ್ನೂ ನಾಲ್ಕು ಗಂಟೆ ಬೇಕಾಯಿತು.

ಸಾಲಿನಲ್ಲಿ

ಮೂರೂಮುಕ್ಕಾಲಿಗೆ ಸಾಲು ಸೇರಿದರು. ಕಿರಣೋತ್ಸವದ ದಿನ, ಜನಸಾಗರ. ಸಾಲು ಹತ್ತು ಹೆಜ್ಜೆ ಸರಿದು ಕಾಲು ಗಂಟೆ ನಿಲ್ಲುತ್ತಿತ್ತು. ಐದೂವರೆಯ ಹೊತ್ತಿಗೆ ಪ್ರಾಕಾರದ ಒಳಗೆ ಬಂದಿದ್ದರು, ಗರ್ಭಗುಡಿ ಇನ್ನೂ ದೂರ. ಪಶ್ಚಿಮದಲ್ಲಿ ಮೋಡ ಕಟ್ಟುತ್ತಿರುವುದನ್ನು ನಮ್ಮಲ್ಲಿ ಕೃಷಿಕರಾದವರು ಮೊದಲೇ ನೋಡಿದ್ದರು, ಹೇಳಲಿಲ್ಲ. ಆರಕ್ಕೆ ಸ್ವಲ್ಪ ಮುಂಚೆ ಕಿರಣದ ಹೊತ್ತು ಬಂತು. ಬಿಸಿಲು ಮಂಕಾಗಿ ಒಳಗೆ ಹೋದಂತೆ ಕಂಡು ಮಾಸಿತು. ಪಾದದಿಂದ ಮೇಲೆ ಬರಲಿಲ್ಲ ಎಂದು ಮುಂದಿನವರು ಹಿಂದಿನವರಿಗೆ ಮರಾಠಿಯಲ್ಲಿ ಹೇಳುತ್ತಾ ಬಂದ ಸುದ್ದಿ ನಮ್ಮವರೆಗೂ ತಲಪಿತು. ದರ್ಶನದ ಸಾಲು ಮಾತ್ರ ಹಾಗೆಯೇ ಇತ್ತು. ಇನ್ನೂ ಒಂದೂವರೆ ಗಂಟೆ ಎಂದರು.

ಆ ಹೊತ್ತಿಗೆ ಎಣಿಸಿ ನೋಡಿದರೆ ಸಾಲಿನಲ್ಲಿ ಹದಿನೆಂಟೇ ಜನ. ರಸ್ಸಾದ ಆಸೆಯ ಇಬ್ಬರು ಯಾವಾಗಲೋ ನುಸುಳಿದ್ದರು. ಇಬ್ಬರು ಹುಡುಗಿಯರೂ ಇರಲಿಲ್ಲ. ಫೋನು ಹೋಗುತ್ತಿಲ್ಲ, ಅಷ್ಟು ಜನ ಸೇರಿದ ಕಡೆ ಸಿಗ್ನಲ್ ಸಿಗುವುದೇ ಕಷ್ಟ. ಮುಂದಾಳುವಿನ ಮುಖ ಬಿಳಿಚಿತು. ಆ ಹುಡುಗಿಯರ ಪೈಕಿ ಒಬ್ಬಳ ತಂದೆ ತಂಡದಲ್ಲಿ ಇದ್ದರು, ಇನ್ನೊಬ್ಬಳ ಮನೆಯವರು ಯಾರೂ ಇರಲಿಲ್ಲ. "ನಿಮ್ಮ ಭರವಸೆಯ ಮೇಲೆ ಕಳಿಸುತ್ತೇವೆ" ಎಂದು ಆ ತಾಯಿ ರೈಲು ನಿಲ್ದಾಣದಲ್ಲಿ ಹೇಳಿದ್ದನ್ನು ನಾನೂ ಕೇಳಿದ್ದೆ. ಮುಕ್ಕಾಲು ಗಂಟೆ ಅವರು ಅನುಭವಿಸಿದ ಭಯವನ್ನು ಮುಂದಿನ ಮಾತು ಓದುವಾಗ ಯಾರೂ ಮರೆಯಬಾರದು.

ಸಾಲು ಬಿಟ್ಟು ಹೊರಬಂದು ಹುಡುಕಿದಾಗ ಹುಡುಗಿಯರು ಸಿಕ್ಕಿದ್ದು ಚಪ್ಪಲಿ ಅಂಗಡಿಗಳ ಸಾಲಿನಲ್ಲಿ. ಅಂಗಡಿಯಾತ ಅಥಣಿ ಕಡೆಯವರು, ಕನ್ನಡದಲ್ಲೇ ಮಾತಾಡುತ್ತಿದ್ದರು. ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡುತ್ತಾರೆ, ನಿಜವಾದದ್ದಕ್ಕೆ ಮೊಳೆ ಹೊಡೆಯುವುದಿಲ್ಲ, ತೊಗಲಿನ ದಾರದಲ್ಲೇ ಹೊಲಿಯುತ್ತಾರೆ ಎಂದು ಅಂಗಾಲನ್ನು ತಿರುಗಿಸಿ, ಹೊಲಿಗೆಯ ಮೇಲೆ ಉಗುರು ಎಳೆದು ತೋರಿಸುತ್ತಿದ್ದರು. ಚಪ್ಪಲಿ ಹೆಸರು ಕೊಲ್ಹಾಪುರದ್ದಾದರೂ ಅಥಣಿ, ನಿಪ್ಪಾಣಿಯ ಕೈಗಳೂ ಅದರಲ್ಲಿ ಇವೆ; 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳು ಸೇರಿವೆ. ಹುಡುಗಿ ಒಂದು ಜೊತೆಯನ್ನು ಕಾಲಿಗೆ ಹಾಕಿ ಎರಡು ಹೆಜ್ಜೆ ಇಟ್ಟಿದ್ದಳಷ್ಟೆ. ಮುಂದಾಳು ಬೀದಿಯಲ್ಲೇ, ಅಂಗಡಿಯವರ ಎದುರು, ಗಿರಾಕಿಗಳ ಎದುರು ಏರುದನಿಯಲ್ಲಿ ಬೈದರು. "ದೇವಸ್ಥಾನದ ಸಾಲಿನಿಂದ ಓಡಿ ಬರುವಷ್ಟು ಚಪ್ಪಲಿ ಬೇಕಿತ್ತಾ? ನಾಳೆ ಹೆಚ್ಚುಕಡಿಮೆ ಆದರೆ ನಾನು ಯಾರಿಗೆ ಉತ್ತರ ಹೇಳಲಿ?" ಹುಡುಗಿ ಚಪ್ಪಲಿ ಬಿಚ್ಚಿ ಅಲ್ಲೇ ಇಟ್ಟು ವಸತಿಗೃಹದ ಕಡೆಗೆ ನಡೆದಳು. ಇನ್ನೊಬ್ಬಳು ಹಿಂದೆಯೇ.

ಸಾಲಿನಲ್ಲಿ ಉಳಿದಿದ್ದವರು ಮುಂದಾಳು ಹೊರಗೆ ಹೋದದ್ದನ್ನು ನೋಡಿ ಒಬ್ಬೊಬ್ಬರಾಗಿ ಹೊರಬಂದಿದ್ದರು. ಆರೂಮುಕ್ಕಾಲಕ್ಕೆ ಪರಿಸ್ಥಿತಿ ಹೀಗಿತ್ತು: ಕಿರಣ ಇಲ್ಲ, ದರ್ಶನ ಇಲ್ಲ, ಕೆರೆ ಇಲ್ಲ, ಊಟ ಇಲ್ಲ, ಲಕ್ಷ್ಮೀ ವಿಲಾಸ ಮುಚ್ಚಿಯಾಗಿತ್ತು, ಮತ್ತು ಅರ್ಧ ಜನ ಇನ್ನರ್ಧ ಜನರ ಜೊತೆ ಮಾತು ಬಿಟ್ಟಿದ್ದರು.

ಭವಾನಿ ಮಂಟಪದ ಬಳಿ

ಮುಂದಾಳು ಭವಾನಿ ಮಂಟಪದ ಹತ್ತಿರ ಒಂದು ಕಟ್ಟೆಯ ಮೇಲೆ ಕುಳಿತುಬಿಟ್ಟರು. "ಎಲ್ಲರೂ ರೂಮಿಗೆ ಹೋಗುವ. ಊಟ ಪಾರ್ಸೆಲ್ ತರಿಸುವ. ಲೆಕ್ಕ ಓದಿ ಮಲಗುವ" ಎಂದರು. ಹಾಗೆ ಆಗಿದ್ದರೆ ಈ ಪ್ರಕರಣ ಬರೆಯುವಂಥದ್ದಾಗುತ್ತಿರಲಿಲ್ಲ; ಕೆಟ್ಟು ಮುಗಿದ ಸಾವಿರ ಪ್ರವಾಸಗಳಲ್ಲಿ ಇದೂ ಒಂದಾಗುತ್ತಿತ್ತು.

ತಡೆದವರು ಮೇಷ್ಟ್ರು. ತಮ್ಮ ಅರಮನೆ ತಪ್ಪಿಹೋದವರು ಅವರೇ, ಆದರೂ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. "ಇನ್ನು ಕೈ ಎತ್ತಿಸಬೇಡಿ. ಒಬ್ಬೊಬ್ಬರನ್ನೇ ಕೇಳಿ. ಇದೊಂದು ಆಗದೆ ಹೋದರೆ ಊರಿಗೆ ಹೋದ ಮೇಲೂ ಮನಸ್ಸಿನಲ್ಲಿ ಕೊರೆಯುವುದು ಯಾವುದು ಅಂತ ಕೇಳಿ. ಒಂದೇ ಹೇಳಬೇಕು. ಯಾರೂ ಬೇರೆಯವರ ಉತ್ತರ ಕೇಳಿಸಿಕೊಳ್ಳಬಾರದು." ಅಲ್ಲಿದ್ದವರನ್ನು ಬದಿಗೆ ಕರೆದು, ಉಳಿದವರಿಗೆ ಫೋನು ಮಾಡಿ, ಇಪ್ಪತ್ತು ನಿಮಿಷದಲ್ಲಿ ಕೇಳಿ ಮುಗಿಸಿದರು.

ಬಂದ ಉತ್ತರಗಳು ಮಧ್ಯಾಹ್ನದ ಎಣಿಕೆಯನ್ನು ತಲೆಕೆಳಗು ಮಾಡಿದವು. ಕೈ ಎತ್ತಿದ್ದ ಹದಿಮೂರು ಜನರಲ್ಲಿ ದರ್ಶನವನ್ನು ಹೆಸರಿಸಿದವರು ಮೂವರು ಮಾತ್ರ. ಉಳಿದವರಲ್ಲಿ ಒಬ್ಬರು ರಂಕಾಳಾ ಎಂದರು, ಇಬ್ಬರು ಗುಜರಿ, ಒಬ್ಬರು ಮೊಮ್ಮಗನಿಗೆ ಬೆಲ್ಲ ಒಯ್ಯಬೇಕು ಎಂದರು, ಇಬ್ಬರು "ನನಗೆ ಸಾಕಾಗಿದೆ, ಕಾಲು ಚಾಚಿ ಮಲಗಿದರೆ ಸಾಕು" ಎಂದರು. ಮಲಗುವುದೂ ಒಂದು ಬಯಕೆ ಎಂದು ಅದುವರೆಗೆ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಖಜಾಂಚಿ ಲೆಕ್ಕದ ಸಭೆ ಬಿಡಲು ಒಪ್ಪಲಿಲ್ಲ. ರಸ್ಸಾದ ಊಟಕ್ಕೆ ಸಾಮಾನ್ಯ ನಿಧಿಯಿಂದ ಕೊಟ್ಟರೆ ಸಸ್ಯಾಹಾರಿಗಳ ದುಡ್ಡಿನಲ್ಲಿ ಮಾಂಸ ತಿಂದಂತೆ ಆಗುತ್ತದೆ, ಕೊಡದಿದ್ದರೆ ಅವರ ರಾತ್ರಿ ಊಟದ ಪಾಲು ಮುಳುಗಿದಂತೆ ಆಗುತ್ತದೆ, ಇದನ್ನು ಎಲ್ಲರೆದುರು ತೀರ್ಮಾನಿಸದೆ ಬಿಡಲಾಗದು ಎಂದರು. ಅವರ ತಕರಾರಿನಲ್ಲಿ ಹುರುಳಿತ್ತು. ಪರಿಹಾರ ಹೊಳೆದದ್ದೂ ಅವರಿಗೇ. ರಾತ್ರಿ ಊಟಕ್ಕೆ ಇಟ್ಟದ್ದೂ ಸೇರಿ ನಿಧಿಯಲ್ಲಿ ಉಳಿದದ್ದನ್ನು ತಲೆಗೆ ₹200ರಂತೆ ಅಲ್ಲೇ ಮೊಬೈಲಿನಿಂದ ಎಲ್ಲರಿಗೂ ಹಿಂದಕ್ಕೆ ಕಳಿಸಿದರು, ಚಿಲ್ಲರೆ ಉಳಿದದ್ದನ್ನು ಚಾಲಕರ ಬೆಳಗಿನ ತಿಂಡಿಗೆ ಎತ್ತಿಟ್ಟರು. ಇನ್ನು ಯಾರು ಏನು ತಿಂದರೂ ಕೊಂಡರೂ ಸ್ವಂತದ್ದು. ಪೂರ್ತಿ ಲೆಕ್ಕ ನಾಳೆ ರೈಲಿನಲ್ಲಿ. ಇಡೀ ಸಂಜೆಯ ಅತ್ಯಂತ ಜಾಣ ತೀರ್ಮಾನ ಇದು ಎಂದು ನಾನು ಈಗಲೂ ಹೇಳುತ್ತೇನೆ. ಒಬ್ಬರ ಆಸೆ ಇನ್ನೊಬ್ಬರ ದುಡ್ಡಿನ ಮೇಲೆ ಸವಾರಿ ಮಾಡುವುದು ನಿಂತ ಕ್ಷಣ ಮುಖಗಳು ಸಡಿಲವಾದವು.

ನಿಯಮ ಎರಡೇ ಮಾಡಿದರು: ಒಂಟಿಯಾಗಿ ಯಾರೂ ಹೋಗಬಾರದು, ಹತ್ತೂವರೆಗೆ ವಸತಿಗೃಹದ ಬಾಗಿಲಲ್ಲಿ ಇರಬೇಕು. ನಾಲ್ಕು ಗುಂಪುಗಳು ರಿಕ್ಷಾ ಹಿಡಿದು ನಾಲ್ಕು ಕಡೆ ಹೋದವು.

ಬಟ್ಟೆಯ ಚೀಲ

ತಂಡದಲ್ಲಿ ಒಬ್ಬ ಹಿರಿಯಮ್ಮ ಇದ್ದರು. ಗಂಡ ತೀರಿಕೊಂಡು ಕೆಲವು ವರ್ಷವಾಗಿತ್ತು, ಒಬ್ಬರೇ ಬಂದಿದ್ದರು. ಫೋನು ಮಾಡಿ ಕೇಳಿದಾಗ ಅವರು ಹೇಳಿದ್ದು: "ನನಗೆ ಎಂತದೂ ಇಲ್ಲ. ಮಕ್ಕಳಿಗೆ ಹೇಗೆ ಅನುಕೂಲವೋ ಹಾಗೆ ಮಾಡಿ." ಅವರ ಹೆಸರಿನ ಮುಂದೆ ಮುಂದಾಳು 'ವಿಶ್ರಾಂತಿ' ಎಂದು ಬರೆದುಕೊಂಡರು.

ಅವರ ಹತ್ತಿರ ಒಂದು ಹಸಿರು ಬಟ್ಟೆಯ ಚೀಲ ಇತ್ತು. ರೈಲಿನಲ್ಲಿ ತಲೆದಿಂಬಿನ ಪಕ್ಕ, ಬಸ್ಸಿನಲ್ಲಿ ಮಡಿಲಲ್ಲಿ. ಪನ್ಹಾಳಾದ ಮೆಟ್ಟಿಲು ಹತ್ತುವಾಗ ಯಾರೋ "ಕೊಡಿ ಅಮ್ಮ, ನಾನು ಹಿಡಿಯುತ್ತೇನೆ" ಎಂದರೆ ಕೊಟ್ಟಿರಲಿಲ್ಲ. ಅಂದು ದೇವಸ್ಥಾನದ ಸಾಲಿನಲ್ಲೂ ಅದು ಅವರ ಎದೆಗೆ ಒತ್ತಿಕೊಂಡೇ ಇತ್ತು. ಇಪ್ಪತ್ತೊಂದು ಜನ ಅದನ್ನು ಮೂರು ದಿನ ನೋಡಿದ್ದೆವು, ಅದರಲ್ಲಿ ಏನಿದೆ ಎಂದು ಒಬ್ಬರೂ ಕೇಳಲಿಲ್ಲ.

ಕೇಳಿದವಳು ಬೈಸಿಕೊಂಡ ಹುಡುಗಿ. ಹಿರಿಯಮ್ಮನಿಗೂ ಅವಳಿಗೂ ಒಂದೇ ಕೋಣೆ. ಅವಳು ಅತ್ತು ಮುಖ ತೊಳೆದು ಬಂದಾಗ ಹಿರಿಯಮ್ಮ ಮಂಚದ ಮೇಲೆ ಚೀಲ ಬಿಚ್ಚಿ ಒಳಗಿನದನ್ನು ಒಂದೊಂದಾಗಿ ತೆಗೆದು ಮತ್ತೆ ಕಟ್ಟುತ್ತಿದ್ದರಂತೆ. ಹಸಿರು ಸೀರೆ, ರವಿಕೆ ಕಣ, ತಮ್ಮ ಹಿತ್ತಿಲಿನ ತೆಂಗಿನಕಾಯಿ, ಐದು ಅಡಿಕೆ, ಒಣಗಿ ಸುರುಟಿದ ವೀಳ್ಯದೆಲೆ, ಅರಸಿನ, ಕುಂಕುಮ. ಅವರದು ಕರಾಡ ಮನೆತನ. ತಲೆಮಾರುಗಳ ಹಿಂದೆ ಮಹಾರಾಷ್ಟ್ರದ ಕರಾಡ ಸೀಮೆಯಿಂದ ಇಳಿದು ಬಂದವರು. ಮನೆಯಲ್ಲಿ ಇಂದಿಗೂ ಮರಾಠಿಗೆ ಹತ್ತಿರದ ಮಾತು. ಕುಲದೇವಿ ಇದೇ ಅಂಬಾಬಾಯಿ. ಅತ್ತೆ ಒಮ್ಮೆ ಉಡಿ ತುಂಬಿ ಬರಬೇಕೆಂದು ಹೇಳಿಕೊಂಡು ಹೋಗಲಾಗದೆ ತೀರಿಕೊಂಡಿದ್ದರು. ಆ ಹರಕೆಯನ್ನು ಸೊಸೆ ಹೊತ್ತುಕೊಂಡು ಬಂದಿದ್ದರು. "ನಾಳೆ ಬೆಳಿಗ್ಗೆ ಹೊರಡುವುದಲ್ಲ, ಇನ್ನು ಆಗುವುದಿಲ್ಲ. ಗೋಪುರ ನೋಡಿದೆನಲ್ಲ" ಎಂದರಂತೆ.

ಹುಡುಗಿ ತಕ್ಷಣ ಫೋನು ಮಾಡಿದ್ದು ತನಗೆ ಬೈದ ಮುಂದಾಳುವಿಗೇ. ಅವರು ಬಂದರು. ರಾತ್ರಿ ಶೇಜಾರತಿಯವರೆಗೆ, ಅಂದರೆ ದಿನದ ಕೊನೆಯ ಆರತಿಯವರೆಗೆ ಗುಡಿ ತೆರೆದಿರುತ್ತದೆ, ಕಿರಣದ ಜನ ಕರಗಿದ ಮೇಲೆ ಸಾಲು ಚಿಕ್ಕದಾಗುತ್ತದೆ ಎಂದು ವಸತಿಗೃಹದವರು ಹೇಳಿದರು. ಹಿರಿಯಮ್ಮ, ಹುಡುಗಿಯರಿಬ್ಬರು, ಮುಂದಾಳು, ದರ್ಶನ ಹೆಸರಿಸಿದ ಮೂವರು ಮತ್ತು ನಾನು ಎಂಟೂವರೆಗೆ ಮತ್ತೆ ಮಹಾದ್ವಾರಕ್ಕೆ ಹೋದೆವು.

ಉಡಿ ತುಂಬುವವರು ಎಲ್ಲಿ ಹೋಗಬೇಕು ಎಂದು ನಮಗೆ ಗೊತ್ತಾಗಲಿಲ್ಲ. ಮೂರು ದಿನ ಮಾತೇ ಆಡದಿದ್ದ ಹಿರಿಯಮ್ಮ ಹೂವಿನಂಗಡಿಯ ಹೆಂಗಸಿನ ಹತ್ತಿರ ತಮ್ಮ ಮನೆಮಾತಿನಲ್ಲೇ ಕೇಳಿದರು. ಆಕೆಗೆ ಅರ್ಧ ಅರ್ಥವಾಗಿ ನಗು ಬಂತು, ಇನ್ನೊಮ್ಮೆ ಕೇಳಿಸಿಕೊಂಡಳು, ಬಾಡಿದ ವೀಳ್ಯದೆಲೆ ತೆಗೆದು ಹೊಸದು ಇಟ್ಟು ದಾರಿ ತೋರಿಸಿದಳು. ಎಲೆಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಒಂಬತ್ತೂವರೆಗೆ ಎಲ್ಲ ಮುಗಿದಿತ್ತು. ಹಿರಿಯಮ್ಮ ಹೊರಗೆ ಬಂದು ಖಾಲಿ ಚೀಲವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿ, "ಈಗ ಹಸಿವು ಆಗ್ತಾ ಉಂಟು" ಎಂದರು.

ಆಮೇಲೆ

ಹತ್ತೂವರೆಗೆ ಎಲ್ಲರೂ ಬಾಗಿಲಲ್ಲಿದ್ದರು, ಇಬ್ಬರು ಬಿಟ್ಟು. ಅವರು ಬೆಲ್ಲ ಹೊತ್ತುಕೊಂಡು ಹತ್ತು ನಿಮಿಷ ತಡವಾಗಿ ಬಂದರು. ರೈಲಿನಲ್ಲಿ ಲೆಕ್ಕ ಓದಿದಾಗ ಒಂದೂ ತಕರಾರು ಬರಲಿಲ್ಲ. ರಸ್ಸಾ ಉಂಡವರು ಅದರ ಬಣ್ಣ, ಖಾರದ ವರ್ಣನೆಯಲ್ಲೇ ಗೋವೆ ದಾಟಿಸಿದರು.

ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೇಷ್ಟ್ರು ಲಕ್ಷ್ಮೀ ವಿಲಾಸ ನೋಡಲೇ ಇಲ್ಲ. ಎಲ್ಲರ ಬಯಕೆ ಕೇಳುವ ದಾರಿ ತೋರಿಸಿದವರ ಬಯಕೆಯೇ ಬಾಕಿ ಉಳಿಯಿತು.

ಇನ್ನೂ ಕಷ್ಟದ್ದು ಹುಡುಗಿಯ ವಿಷಯ. ಅವಳು ಸಾಲು ಬಿಟ್ಟದ್ದು ಚಪ್ಪಲಿಗಲ್ಲ. ಎರಡು ಗಂಟೆ ನಿಂತ ಮೇಲೆ ಶೌಚಾಲಯಕ್ಕೆ ಹೋಗಲೇಬೇಕಾಗಿತ್ತು. ಹಿಂದೆ ಮುಂದೆ ಗಂಡಸರು, ಮುಂದಾಳುವೂ ಗಂಡಸು, ಅಪ್ಪ ಹತ್ತು ಜನರ ಆಚೆ. ಗೆಳತಿಯ ಕೈ ಹಿಡಿದು ಹೊರಬಂದಳು, ಹುಡುಕಿ ಹೋಗಿ ಬರುವಷ್ಟರಲ್ಲಿ ಸಾಲಿಗೆ ಮತ್ತೆ ಸೇರಲು ಬಿಡಲಿಲ್ಲ, ಫೋನು ಸಿಗಲಿಲ್ಲ. ಕಾಯುವುದು ಹೇಗೂ ಕಾಯುವುದು ಎಂದು ಅಂಗಡಿ ನೋಡುತ್ತಿದ್ದಳು. ಇದು ಗೊತ್ತಾದದ್ದು ಊರಿಗೆ ಬಂದು ವಾರಗಳ ಮೇಲೆ. ಮುಂದಾಳು ಮರುದಿನ ರೈಲಿನಲ್ಲಿ ಕ್ಷಮೆ ಕೇಳಿದ್ದರು, ಆದರೆ ಅವಳ ಅಪ್ಪನ ಹತ್ತಿರ. "ಬೈದದ್ದಕ್ಕಿಂತ ಅದು ಹೆಚ್ಚು ನೋವಾಯಿತು. ಬೈಸಿಕೊಂಡವಳು ನಾನಲ್ಲವಾ?" ಎಂದು ಅವಳು ನನ್ನ ಹತ್ತಿರ ಹೇಳಿದಳು. ಮುಂದಿನ ವರ್ಷದ ಪ್ರವಾಸಕ್ಕೆ ಅವಳು ಬರಲಿಲ್ಲ.

ಬೇರೆ ತಂಡಗಳು ಗಮನಿಸಬೇಕಾದದ್ದು

ಈ ಸಂಜೆಯನ್ನು ಕೆಡಿಸಿದ್ದು ಮೋಡವೂ ಅಲ್ಲ, ಜನಜಂಗುಳಿಯೂ ಅಲ್ಲ. ಹಂಚಿಹೋಗಬೇಕಾಗಿದ್ದ ಬಯಕೆಗಳೆಲ್ಲ ಕೊನೆಯ ನಾಲ್ಕು ಗಂಟೆಯ ಪಾಲಿಗೆ ಬಂದವು, ಅವುಗಳ ನಡುವೆ ಆಯ್ಕೆ ಮಾಡಲು ಎಲ್ಲರೆದುರು ಕೈ ಎತ್ತಿಸಲಾಯಿತು. ಎಲ್ಲಿ ಊಟ, ಎಷ್ಟು ಗಂಟೆಗೆ ಬಸ್ಸು ಎಂಬುದಕ್ಕೆ ಕೈ ಎಣಿಸಬಹುದು. ದೇವರು, ಊಟದ ರೂಢಿ, ದುಡ್ಡು, ದಣಿವು, ಇವುಗಳಲ್ಲಿ ಯಾವುದಾದರೂ ಒಳಗೆ ಬಂದರೆ ಎತ್ತಿದ ಕೈ ನಂಬುವಂಥದ್ದಲ್ಲ. ಒಬ್ಬೊಬ್ಬರನ್ನೇ ಬದಿಗೆ ಕರೆದು ಕೇಳಲು ತಗುಲಿದ್ದು ಇಪ್ಪತ್ತು ನಿಮಿಷ. ಮತದ ಹಿಂದೆ ಕಳೆದದ್ದು ಮೂರು ಗಂಟೆ.

ಹಾಗೆಂದು ಕೇಳಿದ ಮಾತ್ರಕ್ಕೆ ಉತ್ತರ ಸಿಗುತ್ತದೆ ಎಂದಲ್ಲ. ಹಿರಿಯಮ್ಮನನ್ನೂ ಕೇಳಿದ್ದರು. ಜೀವಮಾನವಿಡೀ "ನನಗೆ ಎಂತದೂ ಬೇಡ" ಎಂದು ಹೇಳಿ ಅಭ್ಯಾಸವಾದವರಿಂದ ಫೋನಿನಲ್ಲಿ ನಿಜ ಹೊರಡುವುದಿಲ್ಲ. ಅಂಥವರ ಕೈಯಲ್ಲಿರುವುದನ್ನು ನೋಡಬೇಕು, ಪಕ್ಕದಲ್ಲಿ ಕೂರುವವರು ನೋಡಬೇಕು. ನಮ್ಮ ಕಡೆಯ ತಂಡಗಳಲ್ಲಿ ಒಂಟಿ ಹಿರಿಯ ಹೆಂಗಸರಿಗೆ ಕೋಣೆ ಹಂಚುವಾಗ ಮೂಲೆಯಲ್ಲಿ ಉಳಿದ ಮಂಚ ಕೊಡುವ ರೂಢಿ ಇದೆ. ಆ ಹುಡುಗಿಯಂಥವರ ಜೊತೆ ಕೊಟ್ಟದ್ದು ಆಕಸ್ಮಿಕವಾಗಿ ಆದ ಒಳ್ಳೆಯದು. ಅದನ್ನು ಬೇಕೆಂದೇ ಮಾಡಬಹುದು.

ವಾಚನಾಲಯದವರು ಕೆಲವನ್ನು ಬದಲಿಸಿದ್ದಾರೆ. ಹೆಸರು ನೋಂದಾಯಿಸುವಾಗಲೇ "ಇದೊಂದು" ಎಂಬ ಒಂದು ಸಾಲು ಬರೆಸುತ್ತಾರೆ. ಹತ್ತಿರದ ಜಾಗವನ್ನು ಮೊದಲ ದಿನವೇ ಮುಗಿಸುತ್ತಾರೆ. ಲೆಕ್ಕ ಒಪ್ಪಿಸುವುದು ಕೊನೆಯ ರಾತ್ರಿಯ ಹಿಂದಿನ ರಾತ್ರಿ. ಮ್ಯಾಪಿನಲ್ಲಿ ಶೌಚಾಲಯಗಳ ಗುರುತು ಹಾಕಿಟ್ಟುಕೊಳ್ಳುತ್ತಾರೆ, ಮುಂದಾಳುವಿನ ಜೊತೆ ಸಮಾನ ಅಧಿಕಾರದ ಒಬ್ಬ ಮಹಿಳೆ ಇರುತ್ತಾರೆ. ಮೇಷ್ಟ್ರಿಗೆ ಆ "ಇದೊಂದು" ಸಾಲಿನ ಬಗ್ಗೆ ಪೂರ್ತಿ ಸಮಾಧಾನವಿಲ್ಲ. ಬಯಕೆಗಳು ಊರಿನಲ್ಲಿ ಕೂತಾಗ ಬೇರೆ, ದಾರಿಯಲ್ಲಿ ಹುಟ್ಟುವುದು ಬೇರೆ, ಖಿದ್ರಾಪುರದಲ್ಲಿ ಅಷ್ಟು ಹೊತ್ತು ನಿಲ್ಲುತ್ತೇವೆ ಎಂದು ಯಾರು ಬರೆದುಕೊಟ್ಟಿದ್ದರು ಎಂದು ಕೇಳುತ್ತಾರೆ. ಎರಡನೆಯ ದಿನ ಮತ್ತೊಮ್ಮೆ ಕೇಳಬೇಕು ಎಂಬುದು ಅವರ ಹಟ; ಮುಂದಿನ ಪ್ರವಾಸದಿಂದ ಹಾಗೆ ಮಾಡುವುದೆಂದು ಸಮಿತಿ ಒಪ್ಪಿದೆ.

ಇದನ್ನು ಬರೆಯಲು ಒಪ್ಪಿಗೆ ಕೇಳಿದಾಗ ಮುಂದಾಳು ಹಾಕಿದ ಷರತ್ತು ಒಂದೇ: ಬೀದಿಯಲ್ಲಿ ಬೈದ ಭಾಗವನ್ನು ತೆಗೆಯಬಾರದು. ಹುಡುಗಿ ಕರಡನ್ನು ಓದಿ, ಶೌಚಾಲಯದ ಸಂಗತಿಯನ್ನು ಸ್ಪಷ್ಟವಾಗಿಯೇ ಬರೆಯಿರಿ, ಸುತ್ತಿಬಳಸಬೇಡಿ ಎಂದಳು. ಅವರಿಬ್ಬರೂ ನೇರವಾಗಿ ಕೂತು ಮಾತಾಡಿದ್ದು ಇನ್ನೂ ಇಲ್ಲ.